ಹಾಫ್ ಕ್ಲಚ್ಚಿನ ಊರು

ಬೆಂಗಳೂರಿನಲ್ಲಿ ಓಡುವ ಕಾರಿನ ಕ್ಲಚ್ ಪ್ಲೇಟು, ಅಂದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕೊಂಡಿ, 30-40 ಸಾವಿರ ಕಿಲೋಮೀಟರಿಗೇ ಹೋಗುವುದುಂಟು. ಅದೇ ಮಾಡೆಲಿನ ಕಾರು ದಾವಣಗೆರೆ, ಹುಬ್ಬಳ್ಳಿ ಅಂತ ಹೈವೇಯಲ್ಲೇ ತಿರುಗಾಡಿಕೊಂಡಿದ್ದರೆ ಲಕ್ಷ ದಾಟಿದರೂ ಕಂಪನಿಯಿಂದ ಬಂದ ಪ್ಲೇಟೇ ಇರುತ್ತದೆ. ಇಂಥ ಕಾರು ಗ್ಯಾರೇಜಿಗೆ ಬಂದಾಗ ಮೆಕ್ಯಾನಿಕ್ ‘ಓಡಿಸಿದ್ದು ಸರಿಯಿಲ್ಲ ಸಾರ್’ ಅನ್ನುತ್ತಾರೆ, ಮಾಲೀಕರು ‘ಪಾರ್ಟೇ ಸರಿಯಿಲ್ಲ’ ಅನ್ನುತ್ತಾರೆ. ಇಬ್ಬರೂ ಕಿಲೋಮೀಟರ್ ಹಿಡಿದುಕೊಂಡೇ ವಾದ ಮಾಡುತ್ತಿರುತ್ತಾರೆ. ಕ್ಲಚ್ಚಿಗೆ ಕಿಲೋಮೀಟರಿನ ಪರಿವೆಯೇ ಇಲ್ಲ. ಟಾಪ್ ಗೇರಿನಲ್ಲಿ ನೂರು ಕಿಲೋಮೀಟರ್ ಓಡಿದರೂ ಅದು ಎಂಜಿನ್ ತುದಿಯ ಫ್ಲೈವೀಲ್ ಎಂಬ ಭಾರದ ಚಕ್ರಕ್ಕೆ ಅಂಟಿಕೊಂಡು ಒಟ್ಟಿಗೆ ತಿರುಗುತ್ತದೆ, ಕೂದಲೆಳೆಯಷ್ಟೂ ಸವೆಯುವುದಿಲ್ಲ. ಗೇರ್ ಬದಲಿಸುವಾಗ ಚೂರು ಸವೆಯುತ್ತದೆ. ನಿಜವಾಗಿ ಸವೆಯುವುದು ನಿಂತ ಗಾಡಿ ಹೊರಡುವಾಗ.

ಹಾಗಾಗಿ ಕಾರು ಕೊಳ್ಳುವವರು, ಓಡಿಸುವವರು, ರಸ್ತೆ ಮಾಡುವವರು ಮೂವರೂ ಲೆಕ್ಕ ಹಾಕಬೇಕಾದ್ದು ಒಂದನ್ನೇ: ಮನೆಯಿಂದ ಆಫೀಸಿಗೆ ಹೋಗುವಷ್ಟರಲ್ಲಿ ಗಾಡಿ ಎಷ್ಟು ಸಲ ನಿಂತು ಹೊರಟಿತು. ಕ್ಲಚ್, ಬ್ರೇಕ್, ಎಂಜಿನ್ ಆಯಿಲ್, ಪೆಟ್ರೋಲ್ ಖರ್ಚು, ಟ್ರಾಫಿಕ್ ಜಾಮ್ ಎಲ್ಲದರ ಬೇರು ಅಲ್ಲಿದೆ.

ಇದರ ಲೆಕ್ಕ ಕಷ್ಟದ್ದಲ್ಲ. ಜನ ಕೂತ ಮೇಲೆ 1,200 ಕಿಲೋ ತೂಗುವ ಸಣ್ಣ ಹ್ಯಾಚ್‌ಬ್ಯಾಕ್ ಇಟ್ಟುಕೊಳ್ಳೋಣ. ಫಸ್ಟ್ ಗೇರಿನಲ್ಲಿ ಎಂಜಿನ್ 1,000 ಆರ್‌ಪಿಎಂ ತಿರುಗುವಾಗ ಇಂಥ ಕಾರು ಸುಮಾರು 7.5 ಕಿ.ಮೀ. ವೇಗದಲ್ಲಿರುತ್ತದೆ. ನಿಂತಲ್ಲಿಂದ ಆ ವೇಗಕ್ಕೆ ಬರುವವರೆಗೆ ಕ್ಲಚ್ ಜಾರುತ್ತಲೇ, ಅಂದರೆ ಎಂಜಿನ್ನಿನಷ್ಟು ವೇಗ ತಿರುಗದೆ ಉಜ್ಜುತ್ತಲೇ ಇರಬೇಕು, ಬೇರೆ ದಾರಿಯಿಲ್ಲ. ಎಂಜಿನ್ ಒಂದೇ ವೇಗದಲ್ಲಿದ್ದರೆ, ಸಮತಟ್ಟು ರಸ್ತೆಯಲ್ಲಿ ಕಾರಿಗೆ ಎಷ್ಟು ಚಲನಶಕ್ತಿ ಸಿಕ್ಕಿತೋ ಸರಿಸುಮಾರು ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಬಿಸಿಯಾಗಿ ಹೋಗುತ್ತದೆ. 7.5 ಕಿ.ಮೀ.ಗೆ ಅದು ಸುಮಾರು 2,600 ಜೂಲ್. ಅದೇ ಕಾರನ್ನು ರೇಸ್ ಮಾಡಿ 2,000 ಆರ್‌ಪಿಎಂನಲ್ಲಿ ಹೊರಡಿಸಿದರೆ ಎಂಜಿನ್, ಚಕ್ರ ಎರಡೂ ಹೊಂದಿಕೊಳ್ಳುವುದು 15 ಕಿ.ಮೀ. ವೇಗದಲ್ಲಿ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು, ಅಂದರೆ 10,400 ಜೂಲ್. ಒಂದೇ ಸಿಗ್ನಲ್, ಒಂದೇ ಕಾರು. ಬಲಗಾಲಿನ ಅಭ್ಯಾಸವೊಂದು ಬೇರೆಯಾದರೆ ಕ್ಲಚ್ಚಿನ ಆಯಸ್ಸು ಕಾಲುಪಾಲಿಗೆ ಇಳಿಯುತ್ತದೆ.

ಏರಿನಲ್ಲಿ ಇನ್ನೂ ಕೆಟ್ಟದ್ದು. ಮಾಲ್, ಅಪಾರ್ಟ್‌ಮೆಂಟ್‌ಗಳ ಬೇಸ್‌ಮೆಂಟಿನ ರ‍್ಯಾಂಪು ಹತ್ತು ಅಡಿಗೆ ಒಂದಡಿ ಏರುತ್ತದೆ ಎಂದುಕೊಳ್ಳಿ. ಮುಂದಿನ ಕಾರು ಟಿಕೆಟ್ ತೆಗೆದುಕೊಳ್ಳುವಷ್ಟು ಹೊತ್ತು ಬ್ರೇಕ್ ಹಾಕದೆ ಹಾಫ್ ಕ್ಲಚ್ಚಿನಲ್ಲೇ, ಅಂದರೆ ಪೆಡಲ್ ಅರ್ಧ ಬಿಟ್ಟು ಕ್ಲಚ್ ಜಾರಿಸುತ್ತಲೇ, ಗಾಡಿ ನಿಲ್ಲಿಸಿಕೊಂಡರೆ, ಮೇಲೆ ಹೇಳಿದ ಕಾರಿನ ಕ್ಲಚ್ಚಿನಲ್ಲಿ ಹುಟ್ಟುವ ಬಿಸಿ ಹತ್ತಿರಹತ್ತಿರ ಎರಡೂವರೆ ಕಿಲೋವ್ಯಾಟ್. ಮನೆಯ ಇಸ್ತ್ರಿಪೆಟ್ಟಿಗೆ ಸಾವಿರ ವ್ಯಾಟಿನದು. ಎರಡೂವರೆ ಇಸ್ತ್ರಿಪೆಟ್ಟಿಗೆಯ ಕಾವನ್ನು ಗಾಳಿ ಅಷ್ಟಾಗಿ ಆಡದ ಡಬ್ಬಿಯೊಳಗೆ, ಊಟದ ತಟ್ಟೆಗಿಂತ ಚಿಕ್ಕ ಪ್ಲೇಟಿನ ಮೇಲೆ ಹಚ್ಚಿದ ಹಾಗೆ. ಅರ್ಧ ನಿಮಿಷದಲ್ಲಿ ಆ ಸುಟ್ಟ ವಾಸನೆ ಬರದೆ ಇನ್ನೇನಾಗುತ್ತದೆ?

ಸುಟ್ಟ ಕ್ಲಚ್ ಹೇಗಿರುತ್ತದೆಂದು ಕಾರು ಓಡಿಸುವ ಪ್ರತಿಯೊಬ್ಬರೂ ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಬೇಕು. ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ಪ್ಲೇಟನ್ನು ಒತ್ತಿಹಿಡಿಯುವ ಪ್ರೆಶರ್ ಪ್ಲೇಟಿನ ಬೋಲ್ಟ್ ಬಿಚ್ಚಿದಾಗ ಒಳಗಿಂದ ಕಪ್ಪು ಪುಡಿ ಉದುರುತ್ತದೆ, ಅದು ಪ್ಲೇಟಿನ ಲೈನಿಂಗು. ನಾರು ಮತ್ತು ರಾಳ ಸೇರಿಸಿ ಒತ್ತಿ ಮಾಡಿದ ಆ ಲೈನಿಂಗಿನಲ್ಲಿ ಹೊಸತರಲ್ಲಿ ಸಾಲುಸಾಲಾಗಿ ಗೀರುಗಳಿರುತ್ತವೆ, ಪುಡಿ ಮತ್ತು ಬಿಸಿಗಾಳಿ ಹೊರಹೋಗಲಿ ಎಂದು. ಸವೆದ ಪ್ಲೇಟಿನಲ್ಲಿ ಆ ಗೀರುಗಳು ಅಳಿಸಿ ನುಣ್ಣಗಾಗಿ, ಮೇಲ್ಮೈ ಗಾಜು ಹಚ್ಚಿದಂತೆ ಹೊಳೆಯುತ್ತದೆ. ಲೈನಿಂಗನ್ನು ಹಿಡಿದಿಟ್ಟ ರಿವೆಟ್ಟಿನ ತಲೆ ಮೇಲ್ಮೈಯಿಂದ 0.3ರಿಂದ 0.5 ಮಿ.ಮೀ. ಆದರೂ ಒಳಗಿರಬೇಕು. ಬೆರಳಾಡಿಸಿದಾಗ ರಿವೆಟ್ ತಗುಲಿದರೆ ಅದು ಆಗಲೇ ಫ್ಲೈವೀಲನ್ನು ಕೆರೆಯಲು ಶುರುಮಾಡಿದೆ ಎಂದೇ ಅರ್ಥ. ಫ್ಲೈವೀಲಿನ ಮುಖ ನೋಡಿ: ನವಿಲುಗರಿಯ ಬಣ್ಣದ ನೀಲಿ ಮಚ್ಚೆಗಳಿದ್ದರೆ ಅಲ್ಲಲ್ಲಿ ವಿಪರೀತ ಕಾದಿದೆ. ಆ ಮಚ್ಚೆಗಳ ಜಾಗದಲ್ಲಿ ಲೋಹ ಗಟ್ಟಿಯಾಗಿರುವುದರಿಂದ ಹೊಸ ಪ್ಲೇಟ್ ಹಾಕಿದರೂ ಫಸ್ಟ್ ಗೇರಿನಲ್ಲಿ ಗಾಡಿ ಗಡಗಡ ಅನ್ನುತ್ತದೆ. ಪ್ರೆಶರ್ ಪ್ಲೇಟಿನ ನಡುವೆ ಹೂವಿನ ಎಸಳಿನಂತೆ ಇರುವ ಸ್ಪ್ರಿಂಗ್ ಬೆರಳುಗಳ ತುದಿಯಲ್ಲಿ ಉಂಗುರದಂತೆ ಗುಳಿ ಬಿದ್ದಿದ್ದರೆ, ಮಾಲೀಕರು ಪೆಡಲ್ ಮೇಲೆ ಸದಾ ಕಾಲಿಟ್ಟುಕೊಂಡು ಓಡಿಸಿದ್ದಾರೆ.

ಕ್ಲಚ್ ಜಾರುತ್ತಿದೆಯೋ ಇಲ್ಲವೋ ಎಂದು ಗೇರ್‌ಬಾಕ್ಸ್ ಇಳಿಸದೆಯೇ ನೋಡಬಹುದು. ಹ್ಯಾಂಡ್ ಬ್ರೇಕ್ ಗಟ್ಟಿ ಎಳೆದು, ಮುಂದೆ ಯಾರೂ ಇಲ್ಲದ ಕಡೆ, ಬ್ರೇಕ್ ಪೆಡಲನ್ನೂ ಒತ್ತಿಕೊಂಡು ಮೂರನೇ ಗೇರ್ ಹಾಕಿ ಕ್ಲಚ್ ನಿಧಾನ ಬಿಡಿ. ಎಂಜಿನ್ ಥಟ್ಟನೆ ಆಫ್ ಆಗಬೇಕು. ಎಳೆದಾಡಿಕೊಂಡು ಸಾಯುತ್ತಿದ್ದರೆ ಪ್ಲೇಟ್ ಮುಗಿಯುತ್ತಾ ಬಂದಿದೆ, ಆಫ್ ಆಗದೇ ಹೋದರೆ ಮುಗಿದೇ ಹೋಗಿದೆ. ಈ ಪರೀಕ್ಷೆ ಒಮ್ಮೆ ಸಾಕು, ಮತ್ತೆಮತ್ತೆ ಮಾಡಿದರೆ ಚೆನ್ನಾಗಿರುವುದನ್ನೂ ಸುಡುತ್ತೀರಿ. ಇನ್ನೊಂದು ದಾರಿ ಏರು ರಸ್ತೆಯಲ್ಲಿ 50 ಕಿ.ಮೀ. ವೇಗದಲ್ಲಿ ನಾಲ್ಕನೇ ಗೇರ್ ಹಾಕಿ ಆಕ್ಸಿಲೇಟರ್ ಪೂರ್ತಿ ಒತ್ತುವುದು. ಆರ್‌ಪಿಎಂ ಮುಳ್ಳು ಮೇಲೆ ಹಾರಿ ಸ್ಪೀಡ್ ಅಲ್ಲೇ ಇದ್ದರೆ ಜಾರುತ್ತಿದೆ.

ಶಬ್ದವೂ ಮಾತಾಡುತ್ತದೆ. ಕ್ಲಚ್ ಒತ್ತಿದಾಗ ಕೊಯ್ಯೋ ಅಂದು, ಬಿಟ್ಟರೆ ನಿಂತರೆ ಅದು ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ನ್ಯೂಟ್ರಲ್‌ನಲ್ಲಿ ಕಾಲು ತೆಗೆದಾಗ ಗೊರಗೊರ ಅಂದು, ಒತ್ತಿದರೆ ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್. ಎರಡನ್ನೂ ಕಲಸಿಕೊಂಡು ಗೇರ್‌ಬಾಕ್ಸ್ ಬಿಚ್ಚಿಸಿದವರಿದ್ದಾರೆ.

ಬದಲಿಸುವುದಾದರೆ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ. ಬರೀ ಪ್ಲೇಟ್ ಹಾಕಿಸಿ ದುಡ್ಡು ಉಳಿಸುವುದು ದಡ್ಡತನ, ಯಾಕೆಂದರೆ ಖರ್ಚಿನ ದೊಡ್ಡ ಪಾಲು ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ. ಹೇಗೂ ಇಳಿಸಿರುವಾಗ ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಆಯಿಲ್ ಸೀಲ್ ಒದ್ದೆಯಾಗಿದೆಯೇ ನೋಡಲು ಹೇಳಿ. ಅಲ್ಲಿಂದ ಎರಡು ಹನಿ ಆಯಿಲ್ ಹೊಸ ಪ್ಲೇಟಿಗೆ ತಾಗಿದರೆ ಎಲ್ಲ ವ್ಯರ್ಥ. ಇನ್‌ಪುಟ್ ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ತೆಳ್ಳಗೆ ಸವರಿದರೆ ಸಾಕು, ಮೆತ್ತಿದರೆ ಅದು ಹಾರಿ ಲೈನಿಂಗಿಗೆ ಬೀಳುತ್ತದೆ. ಕೇಬಲ್ ಬದಲು ದ್ರವದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್ ಆದರೆ ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಕೊಳ್ಳುವವರು ಡಬ್ಬಿಯ ಬ್ರಾಂಡ್ ನೋಡಿ ಸುಮ್ಮನಾಗಬೇಡಿ, ಹಳೆಯ ಪ್ಲೇಟನ್ನು ಜೊತೆಗೆ ಒಯ್ದು ವ್ಯಾಸ, ಹಲ್ಲಿನ ಸಂಖ್ಯೆ ಎರಡನ್ನೂ ಎಣಿಸಿ ಹೋಲಿಸಿ. ಹೊಸ ಪ್ಲೇಟಿಗೆ ಮೊದಲ 500 ಕಿ.ಮೀ. ಪಳಗಲು ಬಿಡಬೇಕು: ರೇಸ್ ಮಾಡಿ ಹೊರಡುವುದಾಗಲಿ, ಏರಿನಲ್ಲಿ ಹಾಫ್ ಕ್ಲಚ್ ಆಗಲಿ ಬೇಡ.

ಈಗ ಓಡಿಸುವ ವಿಷಯ. ಸಿಲ್ಕ್ ಬೋರ್ಡ್ ಆಗಲಿ, ಟಿನ್ ಫ್ಯಾಕ್ಟರಿ ಆಗಲಿ, ಒಂದು ಕಿಲೋಮೀಟರ್ ಜಾಮ್‌ನಲ್ಲಿ ಮುಂದಿನ ಗಾಡಿ ಐದು ಮೀಟರ್ ಜರುಗಿದಾಗಲೆಲ್ಲ ನೀವೂ ಜರುಗಿದರೆ 200 ಸಲ ಕ್ಲಚ್ ಬಿಡುತ್ತೀರಿ. ಮುಂದೆ ಎರಡು ಕಾರಿನಷ್ಟು, ಅಂದರೆ 10 ಮೀಟರ್ ಜಾಗ ಆಗುವವರೆಗೆ ಕಾದು ಹೊರಟರೆ 100 ಸಲ. ತಲುಪುವ ಹೊತ್ತು ಎರಡರಲ್ಲೂ ಒಂದೇ, ಏಕೆಂದರೆ ಸಾಲಿನ ತುದಿಯನ್ನು ನಡೆಸುವುದು ಮುಂದಿನ ಜಂಕ್ಷನ್, ನೀವಲ್ಲ. ಐದು ಮೀಟರಿನ ಜರುಗಾಟದಲ್ಲಿ ಇನ್ನೊಂದು ಕೇಡಿದೆ: ಅಷ್ಟು ದೂರದಲ್ಲಿ ಕ್ಲಚ್ ಪೂರ್ತಿ ಹಿಡಿಯುವಷ್ಟರಲ್ಲಿ ಮತ್ತೆ ಬ್ರೇಕ್ ಹಾಕಬೇಕಾಗುತ್ತದೆ, ಹಾಗಾಗಿ ಇಡೀ ದಾರಿ ಜಾರಿಸಿಕೊಂಡೇ ಹೋಗಿರುತ್ತೀರಿ. ಹತ್ತು ಮೀಟರ್ ಸಿಕ್ಕರೆ ಆಕ್ಸಿಲೇಟರ್ ಮುಟ್ಟದೆ ಕ್ಲಚ್ ನಿಧಾನ ಬಿಟ್ಟು ಕಾಲನ್ನೇ ತೆಗೆಯಬಹುದು. ಈಗಿನ ಎಂಜಿನ್‌ಗಳ ಕಂಪ್ಯೂಟರ್ ಐಡ್ಲಿಂಗ್ ಇಳಿಯುತ್ತಿದ್ದಂತೆ ತಾನೇ ಇಂಧನ ಹೆಚ್ಚಿಸುತ್ತದೆ, ಗಾಡಿ ಆರೇಳು ಕಿ.ಮೀ. ವೇಗದಲ್ಲಿ ತಾನಾಗಿ ಉರುಳುತ್ತದೆ. ಕ್ಲಚ್ ಬಿಟ್ಟು ಉರುಳುವಾಗ ಸವೆತ ಸೊನ್ನೆ.

‘ಜಾಗ ಬಿಟ್ಟರೆ ಬೈಕು, ಆಟೋ ನುಗ್ಗುತ್ತವೆ’ ಎನ್ನುವುದು ಎಲ್ಲರ ಮಾತು. ನುಗ್ಗಲಿ. ಬೈಕು ಬಂದು ಮುಂದೆ ಹೋಗಿಯೇ ಹೋಗುತ್ತದೆ, ನಿಮ್ಮ ಜಾಗದಲ್ಲಿ ಬಿಡಾರ ಹೂಡುವುದಿಲ್ಲ. ಆಟೋ ಬಂದರೆ ಒಂದು ಗಾಡಿಯಷ್ಟು, ಅಂದರೆ ಎರಡು ಸೆಕೆಂಡು ಹಿಂದೆ ಬಿದ್ದಿರಿ. ಆ ಎರಡು ಸೆಕೆಂಡಿಗೆ ಕ್ಲಚ್ ಪ್ಲೇಟನ್ನು ಬಲಿ ಕೊಡುವ ಅಗತ್ಯವಿಲ್ಲ.

ಸಿಗ್ನಲ್‌ನಲ್ಲಿ ನಿಂತಾಗ ಫಸ್ಟ್ ಗೇರ್ ಹಾಕಿ ಕ್ಲಚ್ ಒತ್ತಿಕೊಂಡು ಕೂರಬೇಡಿ, ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ. ರಿಲೀಸ್ ಬೇರಿಂಗ್ ಅಷ್ಟು ಹೊತ್ತು ಒತ್ತಡದಲ್ಲಿ ತಿರುಗಲು ಮಾಡಿದ್ದಲ್ಲ. ಏರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಕ್ಲಚ್ ಹಿಡಿಯುವ ಜಾಗಕ್ಕೆ ತಂದು, ಬಾನೆಟ್ ಸ್ವಲ್ಪ ಎದ್ದಾಗ ಹ್ಯಾಂಡ್ ಬ್ರೇಕ್ ಇಳಿಸಿ. ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ಹಾಕಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಆನ್ ಇಟ್ಟು, ಪೆಡಲಿನಿಂದ ಕಾಲು ತೆಗೆದು ಹತ್ತು ಹದಿನೈದು ನಿಮಿಷ ಬಿಡಿ. ಫ್ಲೈವೀಲ್ ತಿರುಗುತ್ತಿದ್ದರೆ ಒಳಗೆ ಗಾಳಿ ಆಡುತ್ತದೆ. ಹೆದರಿ ಎಂಜಿನ್ ಆಫ್ ಮಾಡಿದರೆ ಬಿಸಿ ಅಲ್ಲೇ ಕೂರುತ್ತದೆ.

‘ಹಾಗಾದರೆ ಆಟೋಮ್ಯಾಟಿಕ್ ತಗೊಂಡರೆ ಆಯ್ತು’ ಅನ್ನುವವರಿಗೆ: ಯಾವ ಆಟೋಮ್ಯಾಟಿಕ್ ಅನ್ನುವುದರಲ್ಲೇ ಎಲ್ಲ ಇದೆ. 2014ರಲ್ಲಿ ಮಾರುತಿ ಸೆಲೆರಿಯೋ ಕಾರಿನ ಜೊತೆ ನಮ್ಮಲ್ಲಿ ಜನಪ್ರಿಯವಾದ ಎಎಂಟಿ ಬೇರೆ ಗೇರ್‌ಬಾಕ್ಸೇ ಅಲ್ಲ. ಅದೇ ಮ್ಯಾನುವಲ್ ಗೇರ್‌ಬಾಕ್ಸ್, ಅದೇ ಒಣ ಕ್ಲಚ್ ಪ್ಲೇಟ್. ನಿಮ್ಮ ಎಡಗಾಲು, ಎಡಗೈ ಮಾಡುವ ಕೆಲಸವನ್ನು ಅಲ್ಲಿ ಯಂತ್ರ ಮಾಡುತ್ತದೆ, ಅಷ್ಟೇ. ಬ್ರೇಕ್ ಬಿಟ್ಟಾಗಲೆಲ್ಲ ಕ್ಲಚ್ ಒಮ್ಮೆ ಜಾರಿ ಹಿಡಿಯುತ್ತದೆ. ಹಾಗಾಗಿ ಎರಡು ಕಾರಿನಷ್ಟು ಜಾಗ ಬಿಡುವ ನಿಯಮ ಇಲ್ಲಿಗೂ ಅನ್ವಯಿಸುತ್ತದೆ. ಏರಿನಲ್ಲಿ ಆಕ್ಸಿಲೇಟರ್ ಮೇಲೆ ನಿಲ್ಲಿಸುವುದಂತೂ ಎಎಂಟಿ ಓಡಿಸುವವರ ದೊಡ್ಡ ತಪ್ಪು. ಕ್ಲಚ್ ಪೆಡಲ್ ಇಲ್ಲದ್ದರಿಂದ ಕ್ಲಚ್ಚೇ ಇಲ್ಲ ಎಂದುಕೊಳ್ಳುತ್ತಾರೆ, ಒಳಗೆ ಅದು ಉರಿಯುತ್ತಿರುತ್ತದೆ. ಕೊಡುವ ಬೆಲೆಗೆ ಎಎಂಟಿ ಒಳ್ಳೆಯ ವಸ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ, ರಿಪೇರಿಯೂ ಸುಲಭ.

ಡಿಸಿಟಿ ಎಂಬ ಇನ್ನೊಂದು ಬಗೆಯ ಆಟೋಮ್ಯಾಟಿಕ್ಕಿನಲ್ಲಿ ಎರಡು ಕ್ಲಚ್, ಒಂದು ಒಂಟಿ ಸಂಖ್ಯೆಯ ಗೇರಿಗೆ, ಇನ್ನೊಂದು ಜೋಡಿ ಸಂಖ್ಯೆಯದಕ್ಕೆ. ಹೈವೇಯಲ್ಲಿ ಅದರ ಚುರುಕಿಗೆ ಸಾಟಿಯಿಲ್ಲ. ಆದರೆ ಒಣ ಕ್ಲಚ್ಚಿನ ಡಿಸಿಟಿಯನ್ನು ದಿನಾ ಔಟರ್ ರಿಂಗ್ ರೋಡಿನಲ್ಲಿ ಓಡಿಸಲು ಕೊಳ್ಳಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಜಾಮ್‌ನಲ್ಲಿ ಒಂದು, ಎರಡು, ಮತ್ತೆ ಒಂದು ಎಂದು ಗೇರ್ ಓಲಾಡುತ್ತಾ ಎರಡೂ ಕ್ಲಚ್ ಕಾಯುತ್ತವೆ, ತಣಿಸಲು ಗಾಳಿ ಬಿಟ್ಟು ಬೇರೇನಿಲ್ಲ. ಈಗಾಗಲೇ ಇದ್ದವರು ಜಾಮ್‌ನಲ್ಲಿ ಮ್ಯಾನುವಲ್ ಮೋಡ್‌ಗೆ ಹಾಕಿ ಒಂದನೇ ಗೇರಿನಲ್ಲೇ ಇರಿಸಿ. ಬಿಸಿಯ ಎಚ್ಚರಿಕೆ ಬಂದರೆ ಪಾರ್ಕ್‌ನಲ್ಲಿಟ್ಟು ಎಂಜಿನ್ ಓಡಲು ಬಿಡಿ. ಆಯಿಲಿನಲ್ಲಿ ಮುಳುಗಿದ ಕ್ಲಚ್ಚಿನ ಡಿಸಿಟಿ ಇದಕ್ಕಿಂತ ಎಷ್ಟೋ ವಾಸಿ. 2022ರಲ್ಲಿ ಬಂದ ಟಾಟಾ ಆಲ್ಟ್ರೋಜ್ ಡಿಸಿಎ (ಡಿಸಿಟಿಗೆ ಕಂಪನಿ ಇಟ್ಟ ಹೆಸರು) ಅಂಥದ್ದು.

ಟಾರ್ಕ್ ಕನ್ವರ್ಟರ್ ಇರುವ ಹಳೆಯ ಕ್ರಮದ ಆಟೋಮ್ಯಾಟಿಕ್‌ನಲ್ಲಿ ಹೊರಡುವ ಜಾರಿಕೆ ಪೂರ್ತಿ ಎಣ್ಣೆಯಲ್ಲಿ ನಡೆಯುತ್ತದೆ. ಒಂದು ಫ್ಯಾನು ತಿರುಗಿ ಎಣ್ಣೆ ಚಿಮ್ಮಿಸಿ ಎದುರಿನ ಫ್ಯಾನನ್ನು ತಿರುಗಿಸಿದ ಹಾಗೆ. ಲೈನಿಂಗ್ ಸವೆಯುವ ಮಾತಿಲ್ಲ, ಬಿಸಿ ಎಣ್ಣೆಗೆ ಹೋಗಿ ಅಲ್ಲಿಂದ ಕೂಲರಿಗೆ ಹೋಗುತ್ತದೆ. ಮೈಲೇಜು ಸ್ವಲ್ಪ ಕಡಿಮೆ, ಇರಲಿ. ಬೆಂಗಳೂರಿಗೆ ಹೇಳಿ ಮಾಡಿಸಿದ್ದು ಇದೇ. ಮೆಟ್ಟಿಲಿಲ್ಲದೆ ಗೇರ್ ಬದಲಿಸುವ ಸಿವಿಟಿಗಳಲ್ಲೂ ಹೆಚ್ಚಿನವು ಹೊರಡುವುದು ಟಾರ್ಕ್ ಕನ್ವರ್ಟರ್ ಮೂಲಕ, ಅವೂ ನೆಮ್ಮದಿ. ‘ಆಯಿಲ್ ಜೀವಮಾನಕ್ಕೆ ಸಾಕು’ ಎಂದು ಎಲ್ಲಿಯಾದರೂ ಬರೆದಿದ್ದರೆ ಮಾತ್ರ ನಂಬಬೇಡಿ. ಊರೊಳಗೆ ಓಡುವ ಗಾಡಿಗೆ 60,000 ಕಿ.ಮೀ. ಒಳಗೆ ಗೇರ್‌ಬಾಕ್ಸ್ ಆಯಿಲ್ ಬದಲಿಸಿ, ಪುಸ್ತಕದಲ್ಲಿ ಹೇಳಿದ ಗ್ರೇಡನ್ನೇ ಹಾಕಿಸಿ. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈಕ್ರಾಸ್ ಹೈಬ್ರಿಡ್‌ನಂಥವುಗಳಲ್ಲಿ ಹೊರಡುವುದಕ್ಕೆ ಕ್ಲಚ್ಚೇ ಇಲ್ಲ, ಸೂರ್ಯನ ಸುತ್ತ ಗ್ರಹಗಳಂತೆ ಸುತ್ತುವ ಪ್ಲಾನೆಟರಿ ಗೇರುಗಳ ನಡುವೆ ಎರಡು ಮೋಟಾರು ಕೂತು ಎಲ್ಲ ಸರಿದೂಗಿಸುತ್ತವೆ. ಎಲೆಕ್ಟ್ರಿಕ್ ಕಾರಿನ ಮೋಟಾರು ಸೊನ್ನೆ ಆರ್‌ಪಿಎಂನಿಂದಲೇ ಪೂರ್ತಿ ಬಲ ಕೊಡುತ್ತದೆ, ನಿಲ್ಲಿಸುವಾಗ ಆ ಶಕ್ತಿಯ ಒಂದಷ್ಟು ಪಾಲು ಬ್ಯಾಟರಿಗೆ ವಾಪಸು. 2001ರಲ್ಲೇ ರೇವಾ ಎಂಬ ಎಲೆಕ್ಟ್ರಿಕ್ ಕಾರನ್ನು ಮಾರುಕಟ್ಟೆಗೆ ಬಿಟ್ಟ ಊರು ಇದು. ನಿಂತು ಹೊರಡುವ ಊರಿಗೆ ಯಾವ ಯಂತ್ರ ಬೇಕೆಂದು ಆಗಲೇ ಗೊತ್ತಿತ್ತು.

ಕಾರು ಕಂಪನಿಗಳ ಮೇಲೆ ನನ್ನದೊಂದು ದೊಡ್ಡ ತಕರಾರಿದೆ. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನಿಗೆ ಉದ್ದನೆಯ ಫಸ್ಟ್ ಗೇರ್ ಕೊಡುವುದು. ಒಂದು ಲೀಟರಿನ ಮೂರು ಸಿಲಿಂಡರ್ ಟರ್ಬೊಗೆ 1,500-1,800 ಆರ್‌ಪಿಎಂ ಕೆಳಗೆ ಟರ್ಬೊ ಎದ್ದೇ ಇರುವುದಿಲ್ಲ, ಅಲ್ಲಿ ಅದು ಬರೀ ಒಂದು ಲೀಟರಿನ ಬಡ ಎಂಜಿನ್. ಗೇರ್ ಉದ್ದವಾದರೆ ಐಡ್ಲಿಂಗ್‌ನಲ್ಲಿ ಉರುಳುವ ವೇಗ ಜಾಸ್ತಿ, ಜಾಮ್ ಅದಕ್ಕಿಂತ ನಿಧಾನ. ಆ ನಡುವಿನ ಅಂತರವನ್ನು ಓಡಿಸುವವರು ಹಾಫ್ ಕ್ಲಚ್ಚಿನಿಂದ ತುಂಬಬೇಕು, ಬೇರೆ ಉಪಾಯವಿಲ್ಲ. ಇಂಥ ಗೇರಿಂಗ್‌ಗೆ ಒಂದು ಕಾರಣ ಮೈಲೇಜ್ ಪರೀಕ್ಷೆ. ಪರೀಕ್ಷೆಯಲ್ಲಿ ಗಾಡಿಯನ್ನು ಯಾವಾಗ ಎಷ್ಟು ವೇಗದಲ್ಲಿ ಓಡಿಸಬೇಕೆಂಬ ನಮ್ಮ ಕ್ರಮ ಯುರೋಪಿನ ಹಳೆಯ ಕ್ರಮವನ್ನು ಗರಿಷ್ಠ 90 ಕಿ.ಮೀ. ವೇಗಕ್ಕೆ ಇಳಿಸಿ ಮಾಡಿಕೊಂಡದ್ದು. ಅದರಲ್ಲಿ ನಿಧಾನ ವೇಗ ಏರಿಕೆ, ಒಂದಷ್ಟು ಹೊತ್ತು ನಿಲುಗಡೆ ಇವೆ. ಐದು ಮೀಟರ್ ಜರುಗಿ ನಿಂತು ಮತ್ತೆ ಜರುಗುವ ಮಾರತಹಳ್ಳಿ ಸಂಜೆ ಅದರಲ್ಲಿಲ್ಲ. ಟೆಸ್ಟ್ ಡ್ರೈವ್‌ಗೆ ಹೋದಾಗ ಖಾಲಿ ರಸ್ತೆಯಲ್ಲಿ ಪಿಕಪ್ ನೋಡುವುದಕ್ಕಿಂತ, ಒಂದನೇ ಗೇರಿನಲ್ಲಿ ಎರಡೂ ಕಾಲು ತೆಗೆದು ಗಾಡಿ ಎಷ್ಟು ನಿಧಾನ, ಎಷ್ಟು ನುಣ್ಣಗೆ ಉರುಳುತ್ತದೆ ನೋಡಿ. ಎಸಿ ಹಾಕಿ, ನಾಲ್ಕು ಜನ ಕೂತು ನೋಡಿ. ಕುಲುಕಿ ಆಫ್ ಆಗುವ ಗಾಡಿ ನಿಮ್ಮ ಊರಿಗೆ ಸಲ್ಲದು.

ಡೀಸೆಲ್ ಕೊಳ್ಳುವವರು ಇನ್ನೊಂದು ವಿಷಯ ತಿಳಿದಿರಬೇಕು. 2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಜರಡಿ ಇದೆ. ತುಂಬಿದ ಮಸಿಯನ್ನು ಎಂಜಿನ್ ಆಗಾಗ 600 ಡಿಗ್ರಿ ಹತ್ತಿರ ಬಿಸಿ ಮಾಡಿ ಸುಟ್ಟುಕೊಳ್ಳುತ್ತದೆ. ನಾಲ್ಕು ಕಿಲೋಮೀಟರ್ ಹೋಗಿ ಆಫ್ ಮಾಡುವ ಕಾರಿನಲ್ಲಿ ಆ ಬಿಸಿ ಬರುವುದೇ ಇಲ್ಲ. ಸುಡುವ ಕೆಲಸ ಅರ್ಧಕ್ಕೆ ನಿಂತಾಗಲೆಲ್ಲ ಹೆಚ್ಚುವರಿ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರಿದ್ದರೆ ಖುಷಿಪಡಬೇಡಿ, ಅದು ಡೀಸೆಲ್. ತಕ್ಷಣ ಆಯಿಲ್ ಬದಲಿಸಬೇಕು. ನಿಂತಾಗ ಐಡ್ಲಿಂಗ್ ಎಂದಿಗಿಂತ ಮೇಲಿದ್ದು, ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಜರಡಿ ಸುಡುತ್ತಿರಬಹುದು. ಮನೆ ಬಂತೆಂದು ಆಫ್ ಮಾಡದೆ ಇನ್ನೊಂದು ಸುತ್ತು ಹಾಕಿ ಬನ್ನಿ. ವಾರಕ್ಕೊಮ್ಮೆ ನೈಸ್ ರಸ್ತೆಯಲ್ಲೋ ತುಮಕೂರು ಹೈವೇಯಲ್ಲೋ ಇಪ್ಪತ್ತು ನಿಮಿಷ 2,000 ಆರ್‌ಪಿಎಂ ಮೇಲೆ ಒಂದೇ ಸಮನೆ ಓಡಿಸಲು ಆಗದವರು ಡೀಸೆಲ್ ಕೊಳ್ಳಬಾರದು.

ಪೆಟ್ರೋಲಿನವರೂ ಆಯಿಲ್ ಬದಲಿಸುವುದನ್ನು ಗಂಟೆಯಲ್ಲಿ ಎಣಿಸಿ. ಸರಾಸರಿ 18 ಕಿ.ಮೀ. ವೇಗದಲ್ಲಿ 10,000 ಕಿ.ಮೀ. ಓಡಲು 555 ಗಂಟೆ ಬೇಕು. 50ರಲ್ಲಿ 200 ಗಂಟೆ ಸಾಕು. ಮೀಟರಿನಲ್ಲಿ ಒಂದೇ ಅಂಕಿ, ಎಂಜಿನ್ ದುಡಿದದ್ದು ಎರಡೂವರೆ ಪಟ್ಟಿಗಿಂತ ಜಾಸ್ತಿ. ಕಾರಿನ ಪುಸ್ತಕದಲ್ಲಿ ಕಠಿಣ ಬಳಕೆಗೆ ಅಂತ ಬೇರೆ ಪಟ್ಟಿ ಇದ್ದರೆ ಬೆಂಗಳೂರಿನವರು ನೋಡಬೇಕಾದ್ದು ಅದನ್ನೇ.

ಇಷ್ಟೆಲ್ಲ ಕಾರಿನೊಳಗಿನ ಮಾತಾಯಿತು. ನಿಲ್ಲುವುದು ಹುಟ್ಟುವುದು ರಸ್ತೆಯಲ್ಲಿ. ಜಪಾನಿನ ಸಂಶೋಧಕರು ಒಂದು ಪ್ರಯೋಗ ಮಾಡಿ 2008ರಲ್ಲಿ ಪ್ರಕಟಿಸಿದರು. 230 ಮೀಟರಿನ ವೃತ್ತಾಕಾರದ ದಾರಿಯಲ್ಲಿ 22 ಕಾರು, ಎಲ್ಲರೂ 30 ಕಿ.ಮೀ. ವೇಗದಲ್ಲಿ ಹೋಗುತ್ತಿರಬೇಕು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವ ದನವೂ ಇಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿ ಒಬ್ಬರ ಸಣ್ಣ ಏರಿಳಿತ ಹಿಂದಿನವರಲ್ಲಿ ದೊಡ್ಡದಾಗಿ, ಕೆಲವು ಕಾರು ಪೂರ್ತಿ ನಿಂತುಹೋದವು. ಆ ನಿಲುಗಡೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಹರಿಯಿತು. ಫ್ಲೈಓವರ್ ಮೇಲೆ ಹತ್ತು ನಿಮಿಷ ಸಿಕ್ಕಿಕೊಂಡು, ಮುಂದೆ ಹೋಗಿ ನೋಡಿದರೆ ಅಪಘಾತವೂ ಇಲ್ಲ, ಏನೂ ಇಲ್ಲ ಎಂದು ಅಚ್ಚರಿಪಡುವವರಿಗೆ ಉತ್ತರ ಇಲ್ಲಿದೆ. ಯಾರೋ ಬ್ರೇಕ್ ಒತ್ತಿದ್ದರು, ಅವರು ಮನೆ ಸೇರಿದ ಮೇಲೂ ಆ ಬ್ರೇಕ್ ಹಿಂದಕ್ಕೆ ಹೋಗುತ್ತಲೇ ಇತ್ತು. ಮುಂದೆ ಜಾಗ ಬಿಟ್ಟು ಉರುಳುವ ಒಂದು ಕಾರು ಆ ಅಲೆಯನ್ನು ಅಷ್ಟರಮಟ್ಟಿಗೆ ನುಂಗುತ್ತದೆ. ಕ್ಲಚ್ ಉಳಿಸುವ ಅಭ್ಯಾಸವೇ ಜಾಮ್ ಕರಗಿಸುವ ಅಭ್ಯಾಸ.

ರಸ್ತೆಯಲ್ಲಿ ಬ್ರೇಕ್ ಒತ್ತಿಸುವ ಮುಖ್ಯ ಜಾಗ ಅಗಲ ಕಿರಿದಾಗುವಲ್ಲಿ. ಒಂದು ಲೇನ್ ಗಂಟೆಗೆ ಹೆಚ್ಚೆಂದರೆ 1,900ರ ಆಸುಪಾಸು ಕಾರು ಸಾಗಿಸುತ್ತದೆ. ಮೂರು ಲೇನಿನಲ್ಲಿ ತಲಾ 1,500ರಂತೆ 4,500 ಬಂದು ಎರಡು ಲೇನಿಗೆ ಇಳಿದರೆ, ದಾಟುವುದು 3,800. ಗಂಟೆಗೆ 700 ಕಾರು ಹಿಂದೆ ಕೂಡಿಹೋಗುತ್ತವೆ. ಸಾಲು ಹುಟ್ಟಿದ ಮೇಲೆ ಎಲ್ಲರೂ ನಿಂತು ಹೊರಡುವುದರಿಂದ ಆ 3,800 ಕೂಡ ಇನ್ನಷ್ಟು ಇಳಿಯುತ್ತದೆ. ಹೆಬ್ಬಾಳದಲ್ಲಿ ನಡೆಯುವುದು ಇದೇ. ಕೆ.ಆರ್. ಪುರದ ಕಡೆಯಿಂದ ಬರುವವರಿಗೆ 2025ರಲ್ಲಿ ಹೊಸ ಲೂಪ್ ತೆರೆದರು, ಅಲ್ಲಿನ ಹಿಂಸೆ ಒಂದಷ್ಟು ತಗ್ಗಿತು. ಆದರೆ ಲೂಪ್ ಎಷ್ಟೇ ಸೇರಿಸಿದರೂ ಎಲ್ಲವೂ ಬಂದು ಬೀಳುವುದು ಮೇಖ್ರಿ ಸರ್ಕಲ್ ಕಡೆಯ ಅದೇ ಬಳ್ಳಾರಿ ರಸ್ತೆಗೆ. ಕೊಡದ ಬಾಯಿ ಅಗಲ ಮಾಡಿದರೆ ಕುತ್ತಿಗೆ ಅಗಲವಾಗುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಒಳ್ಳೆಯ ಉದಾಹರಣೆ ನಮ್ಮಲ್ಲೇ ಇದೆ. ಫುಟ್‌ಪಾತ್, ಪೈಪು, ಲೇನ್ ಎಲ್ಲವನ್ನೂ ಒಟ್ಟಿಗೆ ಹೊಸದಾಗಿ ಮಾಡುವ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆಯಂಥ ರಸ್ತೆಗಳನ್ನು ಮಾಡಿದಾಗ ಫುಟ್‌ಪಾತ್ ಅಗಲ ಮಾಡಿ ವಾಹನಗಳ ಜಾಗ ಕಿತ್ತುಕೊಂಡರು ಎಂದು ಕಾರಿನವರು ಬೈದರು. ಅಲ್ಲಿ ಮಾಡಿದ್ದೇನೆಂದರೆ, ರಸ್ತೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸಣ್ಣದಾಗುವುದನ್ನು ಬಿಟ್ಟು, ಮೊದಲಿಂದ ಕೊನೆವರೆಗೆ ಒಂದೇ ಅಗಲದ ಲೇನ್‌ಗಳನ್ನು ಎಳೆದದ್ದು. ಉಬ್ಬಿದ ಜಾಗದಲ್ಲಿ ಸಿಗುತ್ತಿದ್ದ ನಾಲ್ಕನೇ ಸಾಲು ಮುಂದಿನ ಕಿರಿದಿನಲ್ಲಿ ಮತ್ತೆ ಮೂರಾಗಲೇಬೇಕಿತ್ತು, ಅಲ್ಲೇ ಬ್ರೇಕ್. ಕಾರು ಪ್ರೀತಿಸುವವನಾಗಿ ಹೇಳುತ್ತೇನೆ, ಆ ಅಗಲವಾದ ಫುಟ್‌ಪಾತು ನನ್ನ ಕ್ಲಚ್ಚಿಗೂ ಒಳ್ಳೆಯದೇ.

ಸಿಗ್ನಲ್‌ಗಳ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. 400 ಮೀಟರ್ ಅಂತರದ ಎರಡು ಜಂಕ್ಷನ್‌ಗಳ ನಡುವೆ ಗಾಡಿಗಳು 36 ಕಿ.ಮೀ. ವೇಗದಲ್ಲಿ ಹೋಗುವುದಾದರೆ ಎರಡನೆಯದು ಮೊದಲನೆಯದರ 40 ಸೆಕೆಂಡಿನ ನಂತರ ಹಸಿರಾಗಬೇಕು. ಅದು ಹೊಂದಿಕೊಂಡರೆ ಒಂದೇ ಹೊರಡುವಿಕೆಯಲ್ಲಿ ಎರಡು ಜಂಕ್ಷನ್ ದಾಟಬಹುದು. ಹಸಿರು ಬಿದ್ದ ಮೇಲೆ ಸಾಲಿನ ಹತ್ತನೇ ಕಾರು ಅಲುಗಾಡಲು ಹತ್ತು ಹದಿನೈದು ಸೆಕೆಂಡು ಬೇಕೇಬೇಕು, ಹಿಂದಿನಿಂದ ಹಾರ್ನ್ ಹೊಡೆದರೆ ಅದು ಕಡಿಮೆಯಾಗುವುದಿಲ್ಲ. ಜಂಕ್ಷನ್ ದಾಟಿದ ತಕ್ಷಣ ಬಸ್ ನಿಲ್ಲಿಸುವ ಜಾಗ ಇಟ್ಟರಂತೂ ಆ ಹಸಿರು ಯಾರಿಗೂ ದಕ್ಕುವುದಿಲ್ಲ.

ಕೊನೆಗೆ ಹಂಪು. ಬಡಾವಣೆಯ ಜನಕ್ಕೆ ಹಂಪು ಬೇಕು, ಮಕ್ಕಳು ಓಡಾಡುವ ಜಾಗದಲ್ಲಿ ಬೇಕೇ ಬೇಕು. ನನ್ನ ಜಗಳ ಅದರ ಆಕಾರದ ಜೊತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 99ನೇ ಸಂಖ್ಯೆಯ ಮಾರ್ಗಸೂಚಿ ಹೇಳುವ ಹಂಪು ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, ನಡುವೆ 10 ಸೆ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಎರಡೂವರೆ ಮೀಟರ್ ಇರುವುದರಿಂದ ಎರಡೂ ಅದರ ಮೇಲೆ ಒಮ್ಮೆಗೇ ಕೂರುತ್ತವೆ, ಕಾರು ದೋಣಿಯಂತೆ ಏರಿಳಿಯುತ್ತದೆ. ಅದನ್ನು ದಾಟಬೇಕಾದ ವೇಗ 25 ಕಿ.ಮೀ. ಆ ವೇಗಕ್ಕೆ ಎರಡನೇ ಗೇರಿನಲ್ಲಿ ಎಂಜಿನ್ 1,800 ಆರ್‌ಪಿಎಂ ಹತ್ತಿರ ಇರುತ್ತದೆ, ಕ್ಲಚ್ ಮುಟ್ಟುವ ಅಗತ್ಯವೇ ಇಲ್ಲ. ನಮ್ಮ ಬೀದಿಗಳಲ್ಲಿ ಮಿಕ್ಕ ಟಾರು ಸುರಿದು ಮಾಡುವುದು ಎರಡಡಿ ಉದ್ದ, ಅರ್ಧ ಅಡಿ ಎತ್ತರದ ದಿಣ್ಣೆ. ಅದನ್ನು ಐದು ಕಿ.ಮೀ.ಗಿಂತ ಜೋರಾಗಿ ದಾಟಿದರೆ ಶಾಕ್ ಅಬ್ಸಾರ್ಬರ್ ಹೋಗುತ್ತದೆ, ನಿಧಾನ ದಾಟಿದರೆ ಹಾಫ್ ಕ್ಲಚ್. ಹೊಟ್ಟೆ ತಾಗುವುದು ಬೇರೆ. ಆಂಬುಲೆನ್ಸಿನಲ್ಲಿ ಮಲಗಿದವರ ಗತಿ ಏನೆಂದು ಒಮ್ಮೆ ಯೋಚಿಸಬೇಕು.

ನಿಮ್ಮ ಬೀದಿಯ ಹಂಪನ್ನು ಅಳೆಯುವುದಕ್ಕೆ ಎರಡು ಮೀಟರಿನ ನೇರ ಅಲ್ಯೂಮಿನಿಯಂ ಪಟ್ಟಿ, ಗಾರೆಯವರ ರಸಮಟ್ಟ, ಟೇಪು ಇದ್ದರೆ ಸಾಕು. ಬೆಳಿಗ್ಗೆ ಗಾಡಿ ಕಡಿಮೆಯಿರುವಾಗ ಇಬ್ಬರು ಹೋಗಿ, ಒಬ್ಬರು ರಸ್ತೆ ನೋಡಿಕೊಳ್ಳಿ. ಪಟ್ಟಿಯ ಒಂದು ತುದಿಯನ್ನು ಹಂಪಿನ ನೆತ್ತಿಯ ಮೇಲಿಟ್ಟು, ಇನ್ನೊಂದು ತುದಿಯನ್ನು ಗಾಡಿ ಬರುವ ಕಡೆಗೆ ಚಾಚಿ ರಸಮಟ್ಟ ನೋಡಿ ಸಮ ಹಿಡಿಯಿರಿ. ನೆತ್ತಿಯಿಂದ ಒಂದು ಮೀಟರ್ ದೂರದಲ್ಲಿ ಪಟ್ಟಿಯಿಂದ ಟಾರಿಗೆ 3 ಸೆ.ಮೀ., 1.85 ಮೀಟರ್ ದೂರದಲ್ಲಿ 10 ಸೆ.ಮೀ. ಇರಬೇಕು. ರಸ್ತೆ ಇಳಿಜಾರಾಗಿದ್ದರೆ ಎರಡೂ ಕಡೆ ಅಳೆದು ಸರಾಸರಿ ತೆಗೆಯಿರಿ. ಒಂದು ಮೀಟರಿನಲ್ಲೇ 10 ಸೆ.ಮೀ. ದಾಟಿದರೆ ಅದು ಹಂಪಲ್ಲ, ಗೋಡೆ. ಆ ಎರಡು ಅಳತೆ, ಟೇಪು ಹಿಡಿದ ಫೋಟೋ, ಮಾರ್ಗಸೂಚಿಯ ಸಂಖ್ಯೆ ಇಷ್ಟನ್ನು ಬರೆದು ವಾರ್ಡಿನ ಎಂಜಿನಿಯರಿಗೆ ಕೊಡಿ. ‘ಹಂಪ್ ತೆಗೆಯಿರಿ’ ಎಂದು ಬರೆಯಬೇಡಿ, ‘3.7 ಮೀಟರಿಗೆ ಸರಿಪಡಿಸಿ, 40 ಮೀಟರ್ ಮುಂಚೆ ಬೋರ್ಡ್ ಹಾಕಿ, ಕಪ್ಪು ಬಿಳಿ ಪಟ್ಟೆ ಬಳಿಯಿರಿ’ ಎಂದು ಬರೆಯಿರಿ.